ರೇಷ್ಮೆ ಖಾತೆಯ ಅಕ್ಕಾವ್ರು

ಅವರು ತೀರಿಕೊಂಡ ಮರುದಿನ ಮೈಸೂರಿನ ಒಂದು ಪತ್ರಿಕೆ ಒಳಪುಟದಲ್ಲಿ ನಾಲ್ಕೈದು ಸಾಲಿನ ಸುದ್ದಿ ಹಾಕಿತ್ತು. ‘ಮಾಜಿ ಸಚಿವರ ಆಪ್ತೆ ನಿಧನ’ ಎಂದು ತಲೆಬರಹ. ನಾನು ಬರೆಯುವ ಪತ್ರಿಕೆಯಲ್ಲ ಅದು. ಆದರೂ ಓದಿ ಮೈ ಉರಿಯಿತು. ಅವರು ಜೀವಮಾನದಲ್ಲಿ ಯಾರ ಆಪ್ತೆಯೂ ಆಗಿರಲಿಲ್ಲ. ಆ ಮಾಜಿ ಸಚಿವರೇ ಒಂದು ಕಾಲದಲ್ಲಿ ಇವರ ಹಿಂದೆ ಓಡಾಡಿಕೊಂಡಿದ್ದವರು ಎಂದು ಬರೆದಿದ್ದರೆ ಸತ್ಯಕ್ಕೆ ಸ್ವಲ್ಪ ಹತ್ತಿರವಾಗುತ್ತಿತ್ತು. ಸುದ್ದಿ ಕೊಟ್ಟ ಹುಡುಗನಿಗೆ ಫೋನ್ ಮಾಡಿ ಕೇಳಿದೆ. ಅವನು ಹೊಸಬ, ಪಾಪ. ‘ಸಾರ್, ಆ ಸಚಿವರ ಮನೆ ಮುಂದೆ ರೇಷ್ಮೆ ಹುಳದ ಗಲಾಟೆ ಮಾಡಿದ್ದರಂತಲ್ಲ, ಅದೇ ಅಮ್ಮ ಅಲ್ಲವಾ’ ಎಂದ. ಗಲಾಟೆ ಮಾಡಿದವರು ಆಪ್ತರು ಹೇಗಾಗುತ್ತಾರೆ ಎಂದು ಕೇಳಿದ್ದಕ್ಕೆ ‘ಡೆಸ್ಕಿನವರು ಹಾಕಿದ್ದು ಸಾರ್’ ಎಂದು ಫೋನ್ ಇಟ್ಟ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ನಂಜನಗೂಡಿನಲ್ಲಿ ಕೂತು ಆ ತಾಲ್ಲೂಕಿನದೂ ಪಕ್ಕದ ನರಸೀಪುರದ್ದೂ ಸುದ್ದಿ ಬರೆಯುವವನು. ಎರಡೂ ಕಡೆ ಜನ ಅವರನ್ನು ಅಕ್ಕಾವ್ರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಒಬ್ಬರ ಹೆಸರು ಹೇಳಿದ ಕೂಡಲೇ ಜನ ಯಾವ ಜಾತಿ, ಯಾವ ಬಣ ಎಂದು ಪತ್ತೆ ಮಾಡಲು ಕೂರುತ್ತಾರೆ. ಪತ್ತೆಯಾದ ಮೇಲೆ ಮುಂದಿನದನ್ನು ಕೇಳಿಸಿಕೊಳ್ಳುವುದಿಲ್ಲ.

ಅವರ ಊರು ನರಸೀಪುರದ ಕಡೆ, ಹೆಮ್ಮಿಗೆಯ ಆಚೆ. ಕಾಲುವೆ ನೀರಿನ ಒಂದಷ್ಟು ಗದ್ದೆ, ಒಂದಷ್ಟು ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಹೆಂಚಿನ ಹುಳುಮನೆ. ರೇಷ್ಮೆ ಬೆಳೆಯೇ ಆ ಮನೆಯ ನಿಜವಾದ ಯಜಮಾನ. ಹುಳು ಮೇಯುವ ದಿನಗಳಲ್ಲಿ ಮದುವೆ ಮುಂಜಿ ಯಾವುದಕ್ಕೂ ಹೋಗುವಂತಿಲ್ಲ. ಆಳುಗಳು ಬೀಡಿ ಸೇದಿ ಬಂದರೆ ಒಳಗೆ ಬಿಡುತ್ತಿರಲಿಲ್ಲ. ಒಮ್ಮೆ ನಾನು ಸೆಂಟು ಹಾಕಿಕೊಂಡು ಹೋಗಿದ್ದಕ್ಕೆ ಅಂಗಳದಲ್ಲೇ ನಿಲ್ಲಿಸಿ, ಕೈಕಾಲು ತೊಳೆಸಿ, ಆಮೇಲೂ ಒಳಗೆ ಬಿಡದೆ ಜಗಲಿಯ ಮೇಲೆ ಕಾಫಿ ಕೊಟ್ಟು ಕಳಿಸಿದರು. ಎತ್ತರದ ಹೆಂಗಸು, ತುಸು ಬಾಗಿದ ಬೆನ್ನು, ಎಲೆಅಡಿಕೆಯಿಂದ ಕಂದಿದ ಹಲ್ಲು. ಮಾತಾಡುವಾಗ ಎದುರಿನವರ ಮುಂಗೈ ಹಿಡಿದುಕೊಳ್ಳುತ್ತಿದ್ದರು. ಅದು ಪ್ರೀತಿಗಲ್ಲ, ಮಾತು ಮುಗಿಯುವ ಮೊದಲು ಎದ್ದು ಹೋಗದಿರಲಿ ಎಂದು.

ಒಳ್ಳೆಯವರೇ ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ಯೋಚಿಸಬೇಕಾಗುತ್ತದೆ. ಸಿಟ್ಟು ಬಹಳ. ತೋಟದ ಬೇಲಿಯ ವಿಷಯಕ್ಕೆ ಒಡಹುಟ್ಟಿದ ತಂಗಿಯ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ತಂಗಿಯ ಮಗಳ ಮದುವೆಗೆ ಹೋಗಿ, ಅಕ್ಷತೆ ಹಾಕಿ, ಊಟ ಮಾಡಿ, ತಂಗಿಯನ್ನು ಮಾತಾಡಿಸದೆ ಬಂದರು. ಸಭೆಗಳಲ್ಲಿ ಮುಂದಿನ ಸಾಲು ಸಿಗದಿದ್ದರೆ ಹಿಂದೆ ಕೂರುತ್ತಿರಲಿಲ್ಲ, ಪಕ್ಕದಲ್ಲಿ ನಿಂತೇ ಇರುತ್ತಿದ್ದರು, ಎಲ್ಲರಿಗೂ ಕಾಣುವ ಹಾಗೆ. ಫೋಟೋದಲ್ಲಿ ತಮ್ಮ ಅರ್ಧ ಮುಖ ಬಂದಿದ್ದಕ್ಕೆ ನನಗೆ ಬೆಳಗ್ಗೆಯೇ ಫೋನ್ ಮಾಡಿ ಬೈದದ್ದುಂಟು. ನಾನು ವರದಿಯಲ್ಲಿ ‘ಗುಡುಗಿದರು’ ಎಂದು ಬರೆದರೆ ಅದಕ್ಕೂ ತಕರಾರು. ಗಂಡಸರು ಮಾತಾಡಿದರೆ ‘ಹೇಳಿದರು’ ಅಂತ ಬರೀತೀಯ, ನಾನು ಮಾತಾಡಿದರೆ ಯಾಕೆ ಗುಡುಗು ಎಂದು ಕೇಳಿದ್ದರು.

ರಾಜಕೀಯಕ್ಕೆ ಅವರನ್ನು ತಂದದ್ದು ಮಹಿಳಾ ಮೀಸಲಾತಿ. ತಾಲ್ಲೂಕು ಪಂಚಾಯ್ತಿಯ ಅವರ ಕ್ಷೇತ್ರ ಹೆಂಗಸರ ಪಾಲಿಗೆ ಬಂದಾಗ ಊರಿನವರು ಗಂಡನನ್ನು ಮನಸ್ಸಿನಲ್ಲಿಟ್ಟುಕೊಂಡು ಹೆಂಡತಿಯ ಹೆಸರು ಕೊಟ್ಟರು. ಗೆದ್ದಾಗ ಹಾರ ಹಾಕಿದ್ದೂ ಗಂಡನಿಗೇ. ಮೊದಲ ಸಭೆಗೆ ಆತ ಹೊಸ ಪಂಚೆ ಉಟ್ಟು ಬಂದು ಹೆಂಡತಿಯ ಪಕ್ಕ ಒಂದು ಕುರ್ಚಿ ಎಳೆದುಕೊಂಡರು. ಉಳಿದ ಹೆಂಗಸು ಸದಸ್ಯರ ಗಂಡಂದಿರೂ ಆಗಲೇ ಕೂತಿದ್ದರು. ಅಕ್ಕಾವ್ರು ಗಂಡನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: “ನೀವು ಆಚೆಗೋಗಿ ಕಾಫಿ ಕುಡೀತಿರಿ. ನಾನು ಮೀಟಿಂಗ್ ಮುಗಿಸ್ಕಂಡು ಬತ್ತೀನಿ.”

ಆತ ಎದ್ದು ಹೋದರು. ಒಬ್ಬರು ಎದ್ದ ಮೇಲೆ ಉಳಿದ ಗಂಡಂದಿರೂ ಏಳಲೇಬೇಕಾಯಿತು. ಆತನಿಗೆ ಅವಮಾನವಾಯಿತೇನೋ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಒಮ್ಮೆ ಸಿಕ್ಕಾಗ ಅವರೇ ನಗುತ್ತ ಹೇಳಿದರು, ಅವತ್ತಿನಿಂದ ತನಗೆ ತೋಟದ ಕೆಲಸಕ್ಕೆ ಬಿಡುವು ಸಿಕ್ಕಿತಂತೆ. ಹೆಂಡತಿಯ ಸಂಗತಿಯನ್ನು ಅಭಿಮಾನದಿಂದ ಹೇಳಿಕೊಳ್ಳುವ ಗಂಡಂದಿರು ನಮ್ಮ ಕಡೆ ಕಡಿಮೆ. ಆತ ಅಂಥವರಲ್ಲಿ ಒಬ್ಬರು.

ಮುಂದೆ ಸಚಿವರಾದವರು ಆಗ ಚಿಕ್ಕ ಗುತ್ತಿಗೆದಾರ. ಒಳ್ಳೆಯ ಮನುಷ್ಯ, ಆದರೆ ಮೈಕು ಕಂಡರೆ ಗಂಟಲು ಕಟ್ಟುತ್ತಿತ್ತು. ಪಕ್ಷದೊಳಗೆ ಅವರ ಪರವಾಗಿ ಮೊದಲು ಮಾತಾಡಿದವರು ಅಕ್ಕಾವ್ರು. ತಲಕಾಡಿನ ಬಸ್ ನಿಲ್ದಾಣದಲ್ಲಿ ಪ್ರಚಾರ ಸಭೆ ಇಟ್ಟುಕೊಂಡಾಗ ಆತ ಎರಡು ವಾಕ್ಯಕ್ಕೆ ನಿಂತುಬಿಟ್ಟರು. ಅಕ್ಕಾವ್ರು ಪಕ್ಕದಲ್ಲಿ ನಿಂತು, ಮುಂದೆ ಏನು ಹೇಳಬೇಕೋ ಅದನ್ನು ಮೆಲ್ಲಗೆ ಹೇಳಿಕೊಡುತ್ತಾ ಹೋದರು. ಆತ ಅದನ್ನೇ ಜೋರಾಗಿ ಹೇಳುತ್ತಾ ಹೋದರು. ಮೈಕು ಚೆನ್ನಾಗಿತ್ತು, ಇಬ್ಬರ ಮಾತೂ ಕೇಳಿಸಿತು. ಜನ ನಕ್ಕರು, ಆದರೂ ಒಂದಷ್ಟು ವೋಟು ಬಿತ್ತು. ಆ ಚುನಾವಣೆಯಲ್ಲಿ ಸೋತರೂ ಮುಂದಿನದರಲ್ಲಿ ಗೆದ್ದರು. ಅದರ ಮುಂದಿನದರಲ್ಲೂ ಗೆದ್ದರು. ಎರಡನೇ ಸಲ ಗೆದ್ದಾಗ ಅವರ ಪಕ್ಷಕ್ಕೇ ಬಹುಮತ ಬಂತು.

ಅಲ್ಲಿಂದ ಶುರುವಾಯಿತು ಸಂಪುಟದ ಜ್ವರ.

ಮಂತ್ರಿಮಂಡಲ ರಚನೆಯ ಆ ದಿನಗಳನ್ನು ನೋಡದವರಿಗೆ ಅದನ್ನು ವಿವರಿಸುವುದು ಕಷ್ಟ. ನಂಜನಗೂಡಿನ ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ ಪ್ರತಿಯೊಬ್ಬನೂ ಮುಖ್ಯಮಂತ್ರಿಯಾಗಿದ್ದ. ಸಂಪುಟದಲ್ಲಿ ಮೂವತ್ತನಾಲ್ಕಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ಆ ಮೂವತ್ತನಾಲ್ಕರಲ್ಲಿ ಯಾವ ಜಾತಿಗೆ ಎಷ್ಟು, ಮೈಸೂರು ಭಾಗಕ್ಕೆ ಎಷ್ಟು, ಆ ಬಣಕ್ಕೆ ಎಷ್ಟು, ಈ ಬಣಕ್ಕೆ ಎಷ್ಟು, ಕಳೆದ ಸಲ ಬಿಟ್ಟುಹೋದವರು ಯಾರು ಎಂದು ಇಡ್ಲಿ ತಿನ್ನುತ್ತ ಹಂಚಿ ಮುಗಿಸುತ್ತಿದ್ದರು. ಟಿ.ವಿ.ಯಲ್ಲಿ ಬೆಳಗ್ಗೆ ಬಂದ ಸಂಭವನೀಯರ ಪಟ್ಟಿ ಮಧ್ಯಾಹ್ನಕ್ಕೆ ಬದಲಾಗುತ್ತಿತ್ತು. ನಮ್ಮ ಶಾಸಕರ ಹೆಸರು ಒಮ್ಮೆ ಬರುತ್ತಿತ್ತು, ಒಮ್ಮೆ ಮಾಯವಾಗುತ್ತಿತ್ತು. ಬಂದಾಗ ನರಸೀಪುರದಲ್ಲಿ ಪಟಾಕಿ, ಹೋದಾಗ ಪತ್ರಿಕಾಗೋಷ್ಠಿ. ‘ನಮ್ಮ ಜನಾಂಗಕ್ಕೆ ಸಚಿವ ಸ್ಥಾನ ನೀಡದಿದ್ದರೆ ಉಗ್ರ ಹೋರಾಟ’ ಎಂಬ ಒಂದೇ ವಾಕ್ಯವನ್ನು ನಾನು ಆ ವಾರ ಬೇರೆ ಬೇರೆ ಜನಾಂಗದ ಹೆಸರು ಹಾಕಿ ಹಲವು ಸಲ ಬರೆದೆ.

ನಿಯೋಗ ಬೆಂಗಳೂರಿಗೆ ಹೊರಟಿತು. ಬಸ್ಸು ಮಾಡಿದ್ದರು, ನಾನೂ ಸುದ್ದಿಗೆಂದು ಹತ್ತಿದೆ. ಅಕ್ಕಾವ್ರೂ ಬಂದರು. ದೆಹಲಿಯಿಂದ ಬಂದ ವೀಕ್ಷಕರು ಅತಿಥಿಗೃಹದಲ್ಲಿದ್ದರು. ಅವರನ್ನು ನೋಡುವುದು ಆಗದ ಮಾತು. ಕೊನೆಗೆ ಪಕ್ಷದ ಒಬ್ಬ ಹಿರಿಯ ನಾಯಕರು ವರಾಂಡದಲ್ಲಿ ಹತ್ತು ನಿಮಿಷ ಕೊಟ್ಟರು. ನಮ್ಮವರೆಲ್ಲ ಒಬ್ಬರಾದ ಮೇಲೆ ಒಬ್ಬರು ಜಾತಿಯ ಜನಸಂಖ್ಯೆ ಹೇಳಿದರು. ಆಮೇಲೆ ಯಾರೋ ಅಕ್ಕಾವ್ರನ್ನು ಮುಂದೆ ತಳ್ಳಿ, ನಮ್ಮ ಜನಾಂಗದ ಮಹಿಳೆಯರ ಪರವಾಗಿ ಎರಡು ಮಾತು ಎಂದರು.

ಅಕ್ಕಾವ್ರು ಜನಾಂಗದ ವಿಷಯ ಎತ್ತಲೇ ಇಲ್ಲ. ಪಟ್ಟಿಯಲ್ಲಿ ಹೆಂಗಸರು ಎಷ್ಟು ಜನ ಎಂದು ಕೇಳಿದರು. ಹಿರಿಯ ನಾಯಕರು ಸ್ವಲ್ಪ ತಡವರಿಸಿ, ಒಬ್ಬರಿಗೆ ಅವಕಾಶ ಮಾಡಿಕೊಡುತ್ತೇವಮ್ಮ, ಮಹಿಳಾ ಮತ್ತು ಮಕ್ಕಳ ಇಲಾಖೆಗೆ ಬೇಕೇ ಬೇಕಲ್ಲ ಎಂದರು.

“ಒಬ್ಬಳನ್ನ ಕೂರ್ಸದು ಕೆಲ್ಸಕ್ಕಾ, ಫೋಟೋಕ್ಕಾ?” ಎಂದರು ಅಕ್ಕಾವ್ರು. “ಹೆಂಗಸು ಅಂದ್ರೆ ಮಕ್ಕಳ ಖಾತೆನೇ ಯಾಕೆ ಕೊಡಬೇಕು ಸಾ? ಗಂಡಸರಿಗೆ ಮಕ್ಕಳಿಲ್ವಾ?”

ಅವರು ಇದನ್ನು ಹೇಳುವಾಗ ಆ ನಾಯಕರ ಮುಂಗೈ ಹಿಡಿದುಕೊಂಡಿದ್ದರು. ಬಿಡಿಸಿಕೊಳ್ಳಲು ಅವರು ಪಟ್ಟ ಪಾಡನ್ನು ಆಮೇಲೆ ನಮ್ಮ ಬಸ್ಸಿನಲ್ಲಿ ಒಬ್ಬ ಅಭಿನಯಿಸಿ ತೋರಿಸಿದ. ಬಸ್ಸೆಲ್ಲ ನಕ್ಕಿತು. ಆದರೆ ಮದ್ದೂರು ದಾಟುವ ಹೊತ್ತಿಗೆ ನಗು ಹೋಗಿ ಗೊಣಗಾಟ ಶುರುವಾಗಿತ್ತು. ಈಯಮ್ಮ ಸಾಹೇಬರ ಅವಕಾಶಕ್ಕೆ ಕಲ್ಲು ಹಾಕಿದಳು ಎಂದು ಹಿಂದಿನ ಸೀಟಿನವರು ಹೇಳುತ್ತಿದ್ದರು. ಅಕ್ಕಾವ್ರಿಗೆ ಅದು ಕೇಳಿಸುತ್ತಿತ್ತು. ಕಿಟಕಿಯಾಚೆ ನೋಡುತ್ತ ಕೂತಿದ್ದರು.

ಕಲ್ಲು ಬೀಳಲಿಲ್ಲ. ಕೊನೆಯ ಗಳಿಗೆಯಲ್ಲಿ ಮತ್ತೊಂದು ಜಿಲ್ಲೆಯವರ ಹೆಸರು ಬಿಟ್ಟು ನಮ್ಮ ಶಾಸಕರ ಹೆಸರು ಸೇರಿತು. ರಾಜಭವನದಲ್ಲಿ ಅವರು ಪ್ರಮಾಣವಚನ ಸ್ವೀಕರಿಸುವುದನ್ನು ಎರಡು ತಾಲ್ಲೂಕುಗಳೂ ಟಿ.ವಿ.ಯಲ್ಲಿ ನೋಡಿದವು. ಜೆಸಿಬಿಯ ಬಕೆಟ್ಟಿನಲ್ಲಿ ಹೂ ತುಂಬಿಸಿ ಸಿದ್ಧ ಮಾಡಿಕೊಂಡರು. ಅವರಿಗೆ ಲೋಕೋಪಯೋಗಿ ಇಲಾಖೆ ಖಂಡಿತ ಎಂಬುದು ಊರಿನ ತೀರ್ಮಾನ. ಅದಾಗದಿದ್ದರೆ ನೀರಾವರಿ.

ಒಂದು ದಿನ ಕಳೆದು ಖಾತೆ ಹಂಚಿಕೆಯಾಯಿತು. ಅವರಿಗೆ ಬಂದದ್ದು ರೇಷ್ಮೆ.

ಸಚಿವರು ಸಂಜೆಯೇ ಬೆಂಗಳೂರಿನಿಂದ ಹೊರಟು ನರಸೀಪುರದ ಮನೆ ಸೇರಿ ಬಾಗಿಲು ಹಾಕಿಕೊಂಡರು. ಫೋನು ಬಂದ್. ಸರ್ಕಾರ ಕೊಟ್ಟ ಕಾರನ್ನೂ ವಾಪಸು ಕಳಿಸಿದ್ದರು. ಬೆಳಗಾಗುವಷ್ಟರಲ್ಲಿ ಅಭಿಮಾನಿಗಳು ವೃತ್ತದಲ್ಲಿ ಟೈರು ಸುಟ್ಟರು. ನಂಜನಗೂಡಿನ ಕಡೆಗೆ ಹೋಗುವ ಬಸ್ಸುಗಳು ನಿಂತವು. ಪಕ್ಷದ ಪದಾಧಿಕಾರಿಗಳು ಸಾಮೂಹಿಕ ರಾಜೀನಾಮೆ ಕೊಡುತ್ತೇವೆ ಎಂದರು. ಒಬ್ಬ ಮುಖಂಡ ನನ್ನ ಮುಂದೆ, ನಮ್ಮ ಸಾಹೇಬರಿಗೆ ಹುಳ ಸಾಕುವ ಖಾತೆ ಕೊಟ್ಟು ಇಡೀ ತಾಲ್ಲೂಕಿಗೆ ಅವಮಾನ ಮಾಡಿದ್ದಾರೆ, ಬರೆದುಕೊಳ್ಳಿ ಎಂದ. ಬರೆದುಕೊಂಡೆ. ಅವನ ಮನೆಯವರೂ ಹುಳ ಸಾಕುತ್ತಿದ್ದರು ಎಂಬುದು ನನಗೆ ಗೊತ್ತಿತ್ತು.

ರಾಜೀನಾಮೆಗೆ ಅಕ್ಕಾವ್ರ ಸಹಿ ಕೇಳಲು ಇಬ್ಬರು ಹೋದರಂತೆ. ಆಗ ಅವರ ಮನೆಯಲ್ಲಿ ಹುಳು ದೊಡ್ಡ ಮೇವಿಗೆ ಬಂದಿತ್ತು. ಇನ್ನು ಎರಡು ಮೂರು ದಿನ ಮೇದರೆ ಗೂಡು ಕಟ್ಟುವ ಹಂತ. ಸೊಪ್ಪು ಹಾಕುತ್ತಿದ್ದ ಅವರು ಆ ಇಬ್ಬರನ್ನು ಹುಳುಮನೆಯ ಬಾಗಿಲಲ್ಲೇ ನಿಲ್ಲಿಸಿ ಸಂಗತಿ ಕೇಳಿದರು. ಸಹಿ ಹಾಕಲಿಲ್ಲ. ಅವರು ಹೋದ ಮೇಲೆ ಗಂಡನನ್ನು ಕರೆದು, ಟ್ರಾಕ್ಟರಿಗೆ ಟ್ರೈಲರ್ ಕಟ್ಟಲು ಹೇಳಿದರು.

ನಾನು ಆ ಹೊತ್ತಿಗೆ ಸಚಿವರ ಮನೆಯ ಮುಂದೆ ಇದ್ದೆ. ಕಾಂಪೌಂಡಿನ ತುಂಬ ಬಿಳಿ ಅಂಗಿ. ಹನ್ನೊಂದರ ಬಿಸಿಲು. ಟ್ರಾಕ್ಟರು ಗೇಟಿನ ಹತ್ತಿರ ಬಂದಾಗ ಮೊದಲು ಯಾರೋ ಬೆಂಬಲಿಗರು ಬಂದರೆಂದು ಜೈಕಾರ ಹಾಕಿದರು. ಟ್ರೈಲರಿನಲ್ಲಿ ಬಿದಿರು ತಟ್ಟೆಗಳು ಒಂದರ ಮೇಲೊಂದು. ಅಕ್ಕಾವ್ರು, ಅವರ ಗಂಡ, ಸೊಸೆ ಮೂವರೂ ಸೇರಿ ಒಂದೊಂದೇ ತಟ್ಟೆ ಇಳಿಸಿ ಸಚಿವರ ಮನೆಯ ಪೋರ್ಟಿಕೋದಲ್ಲಿ ಜೋಡಿಸತೊಡಗಿದರು. ಕಾರು ನಿಲ್ಲುವ ಜಾಗದಿಂದ ಮುಂಬಾಗಿಲ ಮೆಟ್ಟಿಲವರೆಗೆ ಹಸಿರು ಸೊಪ್ಪು, ಅದರ ಮೇಲೆ ಬೆಳ್ಳಗೆ ಹರಿದಾಡುವ ಹುಳು. ಜನ ಕಾಲಿಡಲು ಜಾಗವಿಲ್ಲದೆ ಹಿಂದೆ ಸರಿದರು. ಗದ್ದಲ ತಾನಾಗಿಯೇ ಇಳಿಯಿತು. ಹುಳು ಸೊಪ್ಪು ಕಡಿಯುವ ಸದ್ದು, ತಗಡಿನ ಮೇಲೆ ಸಣ್ಣ ಹನಿ ಬಿದ್ದ ಹಾಗೆ, ಎಲ್ಲರಿಗೂ ಕೇಳಿಸತೊಡಗಿತು.

ಒಬ್ಬ ಮುಖಂಡ ಬಂದು ಇದೇನಮ್ಮ ನಿನ್ನ ಅವಾಂತರ ಎಂದು ತೋಳು ಹಿಡಿದು ಎಳೆದ. ಅಕ್ಕಾವ್ರು ಅವನನ್ನು ನೋಡಲೂ ಇಲ್ಲ. ಕೈ ಬಿಡಿಸಿಕೊಂಡು, ಮೆಟ್ಟಿಲ ಮೇಲೆ ಕೂತು, ಬಾಗಿಲಿನ ಕಡೆ ತಿರುಗಿ ಹೇಳಿದರು:

“ನೀನು ಇಲಾಖೆಗೆ ಓಗಲ್ಲ ಅಂದ್ಯಂತೆ. ಅದ್ಕೇ ಇಲಾಖೆನೇ ಇಲ್ಲಿಗೆ ತಂದಿವ್ನಿ. ಬಂದು ನೋಡಪ್ಪ.”

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಸಚಿವರು ನಿದ್ದೆಗೆಟ್ಟ ಮುಖದಲ್ಲಿ ನಿಂತಿದ್ದರು. ಕಣ್ಣು ತಟ್ಟೆಗಳ ಮೇಲೆ ಹೋಯಿತು, ಆಮೇಲೆ ಟಿ.ವಿ. ಕ್ಯಾಮೆರಾಗಳ ಮೇಲೆ.

“ಅಕ್ಕಾ, ನನ್ನ ಅವಮಾನ ನಿಮಗೆ ಗೊತ್ತಾಗಲ್ಲ,” ಎಂದರು. “ನನ್ನ ಜೊತೆ ಗೆದ್ದೋರಿಗೆಲ್ಲ ದೊಡ್ಡ ದೊಡ್ಡ ಖಾತೆ. ನಂಗೆ ಹುಳ.”

ಅಕ್ಕಾವ್ರು ಎದ್ದು ನಿಂತರು. ಅವರ ಧ್ವನಿ ಏರಲಿಲ್ಲ. ನಾನು ಹತ್ತಿರದಲ್ಲೇ ಇದ್ದೆ, ಹೇಳುತ್ತೇನೆ.

“ಉಳ ಅಂದ್ಯಾ. ಈ ಉಳಕ್ಕೆ ಸೊಪ್ಪು ಕುಯ್ದ ಕೈನಲ್ಲೇ ಕಣಪ್ಪ ನಾವು ನಿಂಗೆ ವೋಟ್ ಒತ್ತಿದ್ದು. ನಿಂಗೆ ಉಳ ಬ್ಯಾಡ ಅಂದ್ರೆ ಉಳಕ್ಕೂ ನೀನು ಬ್ಯಾಡ. ರಾಜೀನಾಮೆ ಕೊಟ್ಬುಡು. ಮಂತ್ರಿಗಿರಿಗಲ್ಲ, ಎಮ್ಮೆಲ್ಲೆಗಿರಿಗೆ. ನಾವು ಬ್ಯಾರೆಯೋರ್ನ ನೋಡ್ಕತೀವಿ.”

ಬಿಳಿ ಅಂಗಿಗಳು ಮತ್ತೆ ಕೂಗಾಡಿದವು. ಧಿಕ್ಕಾರ ಎಂದರು. ಸಚಿವರು ಒಳಗೆ ಹೋದರು, ಆದರೆ ಈ ಸಲ ಬಾಗಿಲು ಹಾಕಲಿಲ್ಲ. ಅಕ್ಕಾವ್ರು ಮೆಟ್ಟಿಲ ಮೇಲೆ ಮತ್ತೆ ಕೂತರು. ಸೊಸೆ ತಂದಿದ್ದ ಸೊಪ್ಪನ್ನು ಮಧ್ಯಾಹ್ನ ಇನ್ನೊಮ್ಮೆ ಹಾಕಿದರು. ಅವರ ಗಂಡ ಮಾತ್ರ ಟ್ರೈಲರಿನ ಪಕ್ಕ ನಿಂತು ತಟ್ಟೆಗಳ ಕಡೆ ನೋಡುತ್ತಾ, ಬೀಡಿ ಹೊಗೆ, ಟೈರಿನ ಹೊಗೆ, ಊದುಬತ್ತಿ, ನೂರು ಜನರ ಸೆಂಟು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಏಕೆ ಹಾಗೆ ಹೇಳುತ್ತಿದ್ದರೆಂದು ಹುಳು ಸಾಕಿದವರಿಗೆ ಗೊತ್ತು. ಹುಳುವಿಗೆ ಹೊಗೆ ಆಗದು, ವಾಸನೆ ಆಗದು, ನೊಣ ಆಗದು. ಸಂಜೆಯ ಹೊತ್ತಿಗೆ ಎಷ್ಟೋ ಹುಳುಗಳು ತಲೆ ಎತ್ತಿ ಸುಮ್ಮನೆ ನಿಂತಿದ್ದವು, ಮೇಯುತ್ತಿರಲಿಲ್ಲ. ಆ ಬೆಳೆ ಪೂರ್ತಿ ಕೆಟ್ಟಿತು.

ಬೇರೆ ಯಾರ ಮನೆಯಿಂದಲೂ ಒಂದು ತಟ್ಟೆಯನ್ನೂ ಅವರು ತರಿಸಿರಲಿಲ್ಲ. ಕೇಳಿದ್ದರೆ ಊರಿನ ಹೆಂಗಸರು ಕೊಡುತ್ತಿದ್ದರೋ ಏನೋ. ಯಾಕೆ ಕೇಳಲಿಲ್ಲ ಎಂದು ಆಮೇಲೆ ವಿಚಾರಿಸಿದೆ. ಸಿಟ್ಟು ನಂದು, ಅವರ ಬೆಳೆ ಯಾಕೆ ಹಾಳು ಮಾಡಲಿ ಎಂದರು.

ಮರುದಿನ ಬೆಳಗ್ಗೆ ಸಚಿವರು ಸ್ವಂತ ಕಾರಿನಲ್ಲೇ ಬೆಂಗಳೂರಿಗೆ ಹೊರಟು ಇಲಾಖೆಯ ಅಧಿಕಾರ ವಹಿಸಿಕೊಂಡರು. ‘ಕಾರ್ಯಕರ್ತರ ಒತ್ತಾಯಕ್ಕೆ ಮಣಿದು’ ಎಂದು ಹೇಳಿಕೆ ಕೊಟ್ಟರು. ಒತ್ತಾಯ ಯಾವುದೆಂದು ಟಿ.ವಿ.ಯಲ್ಲಿ ರಾಜ್ಯವೆಲ್ಲ ನೋಡಿತ್ತು.

ಇದಕ್ಕೆ ಅಕ್ಕಾವ್ರು ಬೆಲೆ ಕೊಡಬೇಕಾಯಿತು. ಜಿಲ್ಲಾ ಪಂಚಾಯ್ತಿ ಟಿಕೆಟ್ಟು ಅವರಿಗೇ ಎಂದು ಎಲ್ಲರೂ ಹೇಳಿಕೊಂಡಿದ್ದರು. ಅದರ ಮಾತೇ ನಿಂತಿತು. ತಾಲ್ಲೂಕು ಘಟಕದ ಹುದ್ದೆ ಹೋಯಿತು. ಪಕ್ಷದ ಸಭೆಗಳ ಕರೆ ಬರುವುದು ನಿಂತಿತು. ಕರೆ ಇಲ್ಲದಿದ್ದರೂ ಅವರು ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದರು. ಪಕ್ಷ ಬಿಡಿ, ಬೇರೆಯವರು ಕರೆಯುತ್ತಿದ್ದಾರಲ್ಲ ಎಂದು ನಾನು ಒಮ್ಮೆ ಅಂದೆ. ಈ ಪಕ್ಷ ಕಟ್ಟಿದವರಲ್ಲಿ ನಾನೂ ಒಬ್ಬಳು, ನಾನ್ಯಾಕೆ ಬಿಡಲಿ, ಬೇಕಾದರೆ ಅವರೇ ಬಿಟ್ಟು ಹೋಗಲಿ ಎಂದರು.

ಇನ್ನು ಸಚಿವರ ವಿಷಯ. ಮೊದಲ ಕೆಲವು ತಿಂಗಳು ಅವರು ಇಲಾಖೆಯ ಕಡತಗಳನ್ನು ಮುಟ್ಟುತ್ತಿರಲಿಲ್ಲವೆಂದು ಸುದ್ದಿಯಿತ್ತು. ಆಮೇಲೆ ಏನಾಯಿತೋ, ಗೂಡಿನ ಮಾರುಕಟ್ಟೆಗಳಿಗೆ ಹೇಳದೆ ಕೇಳದೆ ಹೋಗತೊಡಗಿದರು. ರೈತರ ಜೊತೆ ನೆಲದ ಮೇಲೆ ಕೂತು ಮಾತಾಡತೊಡಗಿದರು. ನಮ್ಮ ಕಡೆ ಮರಿಹುಳು ಸಾಕಿ ರೈತರಿಗೆ ಕೊಡುತ್ತಿದ್ದ ಒಂದು ಚಾಕಿ ಕೇಂದ್ರ ಸಿಬ್ಬಂದಿಯಿಲ್ಲದೆ ಮುಚ್ಚಿಹೋಗಿತ್ತು. ಜನ ಮರಿಹುಳುವಿಗೆ ದೂರದೂರಿಗೆ ಹೋಗಿ, ಬಸ್ಸಿನ ಬಿಸಿಗೆ ಅರ್ಧ ಸಾಯಿಸಿಕೊಂಡು ಬರುತ್ತಿದ್ದರು. ಸಚಿವರು ಹಠ ಹಿಡಿದು ಅದನ್ನು ತೆರೆಸಿದರು. ಉದ್ಘಾಟನೆಯ ಆಹ್ವಾನ ಪತ್ರಿಕೆಯಲ್ಲಿ ಗ್ರಾಮ ಪಂಚಾಯ್ತಿ ಸದಸ್ಯರವರೆಗೆ ಎಲ್ಲರ ಹೆಸರಿತ್ತು, ಅಕ್ಕಾವ್ರದ್ದಿರಲಿಲ್ಲ. ಅವರು ಬಂದರು. ಸಚಿವರು ಟೇಪು ಕತ್ತರಿಸುವಾಗ ಒಂದು ಕ್ಷಣ ಇವರ ಕಡೆ ನೋಡಿದರು. ಇವರು ನಮಸ್ಕಾರ ಮಾಡಲಿಲ್ಲ. ಒಳಗೆ ಹೋಗಿ, ಮರಿಹುಳುವಿನ ಕೋಣೆಯ ಕಿಟಕಿಗೆ ಬಲೆ ಸರಿಯಾಗಿ ಕೂತಿಲ್ಲವೆಂದು ಎಂಜಿನಿಯರಿಗೆ ಹೇಳಿ, ಮನೆಗೆ ಹೋದರು.

ಎರಡು ವರ್ಷ ತುಂಬುವ ಮೊದಲೇ ಸಂಪುಟ ಪುನಾರಚನೆಯ ಗಾಳಿ ಬೀಸಿತು. ಬಿಟ್ಟುಹೋದ ಬಣದವರನ್ನು ಸಮಾಧಾನ ಮಾಡಬೇಕಿತ್ತು. ನಾಲ್ಕು ಜನರನ್ನು ತೆಗೆದು ನಾಲ್ಕು ಜನರನ್ನು ಸೇರಿಸಿದರು. ತೆಗೆದವರಲ್ಲಿ ನಮ್ಮವರೂ ಇದ್ದರು. ರೇಷ್ಮೆಯನ್ನು ಹೊಸದಾಗಿ ಸೇರಿದ ಮೈಸೂರಿನ ಒಬ್ಬ ಸಚಿವರಿಗೆ ಹೆಚ್ಚುವರಿಯಾಗಿ ಕೊಟ್ಟರು, ಅಂಗಡಿಯವನು ಸಾಮಾನಿನ ಜೊತೆ ಎರಡು ಬೆಳ್ಳುಳ್ಳಿ ಹಾಕಿಕೊಡುವ ಹಾಗೆ.

ಆ ದಿನ ನರಸೀಪುರದ ವೃತ್ತದಲ್ಲಿ ಒಂದು ಟೈರೂ ಸುಡಲಿಲ್ಲ. ಹಿಂದೆ ಸುಟ್ಟವರು ಹೊಸ ಸಚಿವರ ಮನೆಗೆ ಹಾರ ಹಿಡಿದು ಮೈಸೂರಿಗೆ ಹೋಗಿದ್ದರು. ಈಗಲಾದರೂ ನಿಮಗೆ ಸಮಾಧಾನವಾಯಿತೇ ಎಂದು ಯಾರೋ ಅಕ್ಕಾವ್ರನ್ನು ಕೇಳಿದರಂತೆ. ಮರುದಿನ ಬೆಳಗ್ಗೆ ಅವರು ಊರಿನ ಹದಿನೈದು ಇಪ್ಪತ್ತು ಹೆಂಗಸರನ್ನು ಕಟ್ಟಿಕೊಂಡು ನಂಜನಗೂಡಿಗೆ ಬಂದು, ಹೊಸ ಸಚಿವರು ಮೈಸೂರಿನಿಂದ ಚಾಮರಾಜನಗರದ ಕಡೆ ಮೆರವಣಿಗೆಯಲ್ಲಿ ಹೋಗುವ ರಸ್ತೆಯ ಮೇಲೆ ಕೂತರು. ಕೈಯಲ್ಲಿ ಫಲಕವಿಲ್ಲ, ಬಾಯಲ್ಲಿ ಘೋಷಣೆಯಿಲ್ಲ. ಸುಮ್ಮನೆ ಕೂತರು.

ನನಗೆ ಅರ್ಥವಾಗಲಿಲ್ಲ. ಇವರ ಟಿಕೆಟ್ಟು ತಪ್ಪಿಸಿದವರು, ಇವರ ಹೆಸರನ್ನು ಆಹ್ವಾನ ಪತ್ರಿಕೆಯಿಂದ ಹೊಡೆದುಹಾಕಿದವರು, ಅವರಿಗಾಗಿ ಇವರು ಬೀದಿಯಲ್ಲಿ ಕೂರುವುದೇ? ಹತ್ತಿರ ಹೋಗಿ ಕೇಳುವ ಹೊತ್ತಿಗೆ ಅವರ ಫೋನು ಬಡಿಯಿತು. ಮಾಜಿಯಾದ ಸಚಿವರೇ ಮಾಡಿದ್ದರು. ಅಕ್ಕಾ, ದಯವಿಟ್ಟು ಎದ್ದು ಹೋಗಿ, ವರಿಷ್ಠರು ನಾನೇ ಕೂರಿಸಿದ್ದೇನೆ ಅಂದುಕೊಳ್ಳುತ್ತಾರೆ ಎಂದು ಬೇಡಿಕೊಳ್ಳುತ್ತಿದ್ದುದು ನನಗೂ ಕೇಳಿಸಿತು.

“ನಿಂಗೋಸ್ಕರ ಅಲ್ಲ ಕಣಪ್ಪ,” ಎಂದರು ಅಕ್ಕಾವ್ರು. “ನೀನು ಈಗ ತಾನೆ ಕೆಲ್ಸ ಕಲ್ತಿದ್ದೆ. ಕಲಿಸೋಕೆ ನಮ್ಮ ಒಂದು ಬೆಳೆ ಓಗ್ಯದೆ. ಇನ್ನೊಬ್ಬಂಗೆ ಮೊದ್ಲಿಂದ ಕಲಿಸೋಕೆ ನಮ್ಮ ತಾವ ಎಷ್ಟು ಬೆಳೆ ಅವೆ? ಅದ್ನ ಕೇಳಕ್ಕೆ ಕೂತಿವ್ನಿ. ನೀನು ಮಡಗು ಫೋನು.”

ಮೆರವಣಿಗೆ ಬೇರೆ ರಸ್ತೆಯಲ್ಲಿ ಹೋಯಿತು. ಪೊಲೀಸರು ಹೆಂಗಸರನ್ನು ವ್ಯಾನಿನಲ್ಲಿ ಠಾಣೆಗೆ ಕರೆದೊಯ್ದರು. ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಈಗಲೇ ಬಿಡುತ್ತೇವೆ ಎಂದರು. ಅಕ್ಕಾವ್ರು ಉಳಿದವರಿಗೆ, ಮನೆಯಲ್ಲಿ ಹುಳು ಇರುವವರು ಬರೆದುಕೊಟ್ಟು ಹೋಗಿ ಎಂದರು. ಯಾರೂ ಬರೆದುಕೊಡಲಿಲ್ಲ. ಇವರಂತೂ, ಮುಂದೆ ಮಾಡುತ್ತೇನೆ ಎಂದು ಬೇಕಾದರೆ ಬರೆದುಕೊಡುತ್ತೇನೆ ಎಂದು ಎಸ್‌.ಐ.ಗೆ ಹೇಳಿದರು. ಎಸ್‌.ಐ. ಚಿಕ್ಕ ವಯಸ್ಸಿನವರು, ನಗು ತಡೆದುಕೊಳ್ಳಲು ಕಡತ ತೆರೆದರು. ಠಾಣೆಯ ಹಿಂದಿನ ಅಂಗಳದಲ್ಲಿ ಎಲ್ಲರೂ ಮಧ್ಯಾಹ್ನದವರೆಗೆ ಕೂತಿದ್ದರು. ಯಾರೋ ಚಿತ್ರಾನ್ನ ತಂದುಕೊಟ್ಟರು. ಅಕ್ಕಾವ್ರು ಎಲ್ಲರಿಗೂ ಬಡಿಸಿ, ಕಾವಲಿದ್ದ ಮಹಿಳಾ ಪೇದೆಗೂ ಒಂದು ಎಲೆ ಹಾಕಿದರು.

ಮೂರು ಗಂಟೆಗೆ ಬಿಟ್ಟರು. ರೇಷ್ಮೆ ಖಾತೆ ವಾಪಸು ಬರಲಿಲ್ಲ. ಚಾಕಿ ಕೇಂದ್ರ ಮಾತ್ರ ಇವತ್ತಿಗೂ ತೆರೆದಿದೆ. ಹೊಸ ಸಚಿವರು ಅದರ ಸಿಬ್ಬಂದಿಯನ್ನು ಬೇರೆ ಕಡೆಗೆ ಹಾಕಲು ಹೊರಟಿದ್ದರಂತೆ. ಆ ಊರಿನ ಹೆಂಗಸರು ರಸ್ತೆಯಲ್ಲಿ ಕೂರುತ್ತಾರೆ ಎಂದು ಅಧಿಕಾರಿಗಳೇ ಎಚ್ಚರಿಸಿ ತಪ್ಪಿಸಿದರು ಎಂದು ಆಮೇಲೆ ಕೇಳಿದೆ.

ಅವತ್ತು ಠಾಣೆಯಿಂದ ಬಸ್ ನಿಲ್ದಾಣಕ್ಕೆ ನಾನೂ ಅವರ ಜೊತೆ ನಡೆದೆ. ಬಿಸಿಲಿಗೆ ಸೆರಗು ತಲೆಗೆ ಹಾಕಿಕೊಂಡಿದ್ದರು. ಮುಖದಲ್ಲಿ ಸೋಲಿನ ಗುರುತು ಹುಡುಕಿದೆ, ಕಾಣಲಿಲ್ಲ, ಹಸಿವಿತ್ತು ಅಷ್ಟೆ. ಬಡಿಸುವ ಗಡಿಬಿಡಿಯಲ್ಲಿ ತಾವೇ ಸರಿಯಾಗಿ ತಿಂದಿರಲಿಲ್ಲ. ಬಾಳೆಹಣ್ಣು ಕೊಡಿಸಿದೆ. ತಿನ್ನುತ್ತಾ ನಡೆದರು. ಅವರನ್ನು ಸ್ವಲ್ಪ ಖುಷಿ ಪಡಿಸೋಣವೆಂದು, ಅಕ್ಕಾವ್ರೇ, ನಿಮ್ಮನ್ನೇ ಸಂಪುಟಕ್ಕೆ ತಗೊಂಡಿದ್ದರೆ ಯಾವ ಖಾತೆ ಕೇಳುತ್ತಿದ್ದಿರಿ ಎಂದೆ.

ಅವರು ನಿಂತರು. ಸಿಪ್ಪೆಯನ್ನು ರಸ್ತೆ ಬದಿಯ ಹಸುವಿನ ಮುಂದೆ ಹಾಕಿ, ಕೈ ಒರೆಸಿಕೊಂಡು, ನನ್ನ ಮುಂಗೈ ಹಿಡಿದರು. ನಾನು ಏನೋ ಬೈಗುಳ ಆಡಿದೆನೋ ಎಂಬಂತೆ ನೋಡುತ್ತಿದ್ದರು.

“ಯಾಕ್ಲಾ, ನನ್ನ ಕೇಳೋರ ಸಾಲ್ನಲ್ಲೇ ನಿಲ್ಲಿಸ್ತೀಯ?” ಎಂದರು. “ಖಾತೆ ಹಂಚೋಕೆ ಒಂದು ಕುರ್ಚಿ ಅದೆಯಲ್ಲ, ಅದು ಬೇಕು ನಂಗೆ.”

ನರಸೀಪುರದ ಬಸ್ಸು ಹೊರಟು ನಿಂತಿತ್ತು. ಕೈ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಹತ್ತಿದರು.